ಪರೀಕ್ಷೆಯ ಫಲ ಒಬ್ಬರಿಗೆ, ಹೊಣೆ ಮತ್ತೊಬ್ಬರಿಗೆ

ಚಾಲಕನಿಲ್ಲದೆ ತಾನೇ ನಡೆಯುವ ಮೋಟಾರು ಗಾಡಿಯನ್ನು ಕುರಿತು ಲೋಕದಲ್ಲಿ ಇಂದು ನಡೆಯುತ್ತಿರುವ ಚರ್ಚೆಯಲ್ಲಿ ಯಂತ್ರದ ಚಾತುರ್ಯವನ್ನು ಹೊಗಳುವವರು ಹಲವರಿದ್ದಾರೆ. ಅದನ್ನು ತಯಾರಿಸುವ ಕಂಪನಿಗಳ ಸಂಪತ್ತನ್ನು ಎಣಿಸುವವರೂ ಇದ್ದಾರೆ. ಆ ಯಂತ್ರದ ಅರೆಬೆಂದ ಬುದ್ಧಿಯನ್ನು ದಿನದಿನವೂ ಬೀದಿಗೆ ತಂದು, ಅದು ತಪ್ಪಿದಾಗಲೆಲ್ಲ ಚಕ್ರವನ್ನು ಕೈಗೆ ತೆಗೆದುಕೊಂಡು, ಅದಕ್ಕೆ ದಾರಿ ಕಲಿಸುತ್ತಿರುವ ಸಾಮಾನ್ಯ ಚಾಲಕರನ್ನು ಕುರಿತು ಆಲೋಚಿಸಿದವರು ಮಾತ್ರ ವಿರಳ. ಈ ಚಾಲಕರ ಅನುಭವದಲ್ಲಿ ಒಂದು ನ್ಯಾಯದ ಪ್ರಶ್ನೆಯು ಅಡಗಿದೆಯೆಂದೂ, ಅದು ನಮ್ಮ ದೇಶದ ಬಾಗಿಲಿಗೆ ಬರುವ ಮುನ್ನವೇ ಅದಕ್ಕೆ ಉತ್ತರವನ್ನು ಕಂಡುಕೊಳ್ಳುವುದು ಲೇಸೆಂದೂ ನಾವು ತಿಳಿದಿದ್ದೇವೆ.

ವಿಷಯವು ಮುಖ್ಯವಾಗಿ ಅಮೆರಿಕೆಗೆ ಸಂಬಂಧಿಸಿದ್ದು. ಅಲ್ಲಿಯ ಟೆಸ್ಲಾ ಕಂಪನಿಯು 2020ರ ಅಕ್ಟೋಬರಿನಲ್ಲಿ ‘ಫುಲ್ ಸೆಲ್ಫ್ ಡ್ರೈವಿಂಗ್’ ಎಂಬ ಸಾಫ್ಟ್‌ವೇರಿನ ಬೀಟಾ, ಎಂದರೆ ಇನ್ನೂ ಪರೀಕ್ಷೆಯಲ್ಲಿರುವ, ಆವೃತ್ತಿಯನ್ನು ತನ್ನ ಗಿರಾಕಿಗಳಲ್ಲಿ ಕೆಲವೇ ಮಂದಿಗೆ ಕೊಟ್ಟಿತು. ಮರುವರ್ಷ ಚಾಲಕರ ನಡವಳಿಕೆಗೆ ಅಂಕ ಹಾಕುವ ಒಂದು ಪದ್ಧತಿಯನ್ನು ಜಾರಿಗೆ ತಂದು, ಅಕ್ಟೋಬರಿನಲ್ಲಿ ನೂರಕ್ಕೆ ನೂರು ಅಂಕ ಪಡೆದವರಿಗೆ ಮೊದಲು ಅವಕಾಶವೆಂದು ಸಾರಿತು. 2022ರ ನವೆಂಬರಿನಲ್ಲಿ, ಉತ್ತರ ಅಮೆರಿಕೆಯಲ್ಲಿ ಹಣ ತೆತ್ತು ಕೇಳಿದವರಿಗೆಲ್ಲ ಅದನ್ನು ತೆರೆದುಬಿಟ್ಟಿತು. ಆ ಹೊತ್ತಿಗೆ ಇದರ ಬೆಲೆ 15,000 ಡಾಲರು. ಪರೀಕ್ಷಕನಿಗೆ ಸಂಬಳ ಕೊಡುವುದು ಲೋಕರೂಢಿ. ಇಲ್ಲಿ ಪರೀಕ್ಷಕನೇ ಹಣ ತೆತ್ತು ಪರೀಕ್ಷೆಯ ಚಾಕರಿಯನ್ನು ಕೊಂಡುಕೊಂಡನು.

ಆ ಚಾಕರಿಯಾದರೂ ಎಂತಹುದು? ಹೊಸ ಆವೃತ್ತಿಯು ರಾತ್ರಿ ಗಾಡಿಯು ಮನೆಯ ಮುಂದೆ ನಿಂತಿರುವಾಗಲೇ ಬಂದು ಸೇರುತ್ತದೆ. ಬೆಳಗಾದರೆ ನಿನ್ನೆಯ ಗಾಡಿಯೇ, ಆದರೆ ನಿನ್ನೆಯ ಬುದ್ಧಿಯಲ್ಲ. ಅದು ತಪ್ಪಬಾರದ ಹೊತ್ತಿನಲ್ಲಿಯೇ ತಪ್ಪಬಹುದು, ಕೈ ಚಕ್ರದ ಮೇಲಿರಲಿ, ಕಣ್ಣು ರಸ್ತೆಯ ಮೇಲಿರಲಿ ಎಂದು ಬೀಟಾ ಆವೃತ್ತಿಯೊಡನೆ ಕಂಪನಿಯೇ ಎಚ್ಚರಿಕೆಯನ್ನು ಕೊಟ್ಟಿತ್ತು. ಅನುಭವಸ್ಥರಾದ ಚಾಲಕರು ಮೊದಲು ತಮಗೆ ಚೆನ್ನಾಗಿ ಪರಿಚಯವಿರುವ ದಾರಿಯಲ್ಲಿಯೇ ಅದನ್ನು ನಡೆಸಿ ನೋಡುವರು: ಕಳೆದ ಸಲ ಎದುರು ಗಾಡಿಗಳ ನಡುವೆ ಎಡಕ್ಕೆ ತಿರುಗಲು ಅಂಜಿದ ಅದೇ ಚೌಕ, ಕಾರಣವಿಲ್ಲದೆ ಬ್ರೇಕು ಹಾಕಿದ ಅದೇ ಸೇತುವೆಯ ನೆರಳು, ತಪ್ಪು ಸಾಲಿಗೆ ನುಗ್ಗಿದ ಅದೇ ಕವಲು. ಒಂದು ದೋಷವು ನೀಗಿರುತ್ತದೆ. ಹಿಂದೆ ಸರಿಯಿದ್ದ ಮತ್ತೊಂದು ಕೆಟ್ಟಿರುತ್ತದೆ. ಗಾಡಿಯು ನಯವಾಗಿ ತಿರುಗಿದಾಗ ಶಿಷ್ಯನು ಪಾಠ ಒಪ್ಪಿಸಿದಾಗ ಗುರುವಿಗಾಗುವ ಸಂತೋಷ. ಮರುಕ್ಷಣವೇ ಅದು ಬೆದರಿದ ಎತ್ತಿನಂತೆ ಪಕ್ಕಕ್ಕೆ ಎಳೆದಾಗ ಎದೆ ಝಲ್ಲೆನ್ನುವ ಭಯ. ಚಾಲಕನು ಚಕ್ರವನ್ನು ಹಿಡಿದು ತಿದ್ದಿ, ಏನಾಯಿತೆಂಬುದನ್ನು ಕಂಪನಿಗೆ ವರದಿ ಮಾಡಿ, ಮುಂದಿನ ಆವೃತ್ತಿಗಾಗಿ ಕಾಯುತ್ತಾನೆ.

ಈ ಬಗೆಯ ಪ್ರಯಾಣವು ಸ್ವತಃ ಗಾಡಿ ನಡೆಸುವುದಕ್ಕಿಂತ ಹೆಚ್ಚು ದಣಿವನ್ನುಂಟುಮಾಡುವುದೆಂದು ಹೇಳಿದ ಪರೀಕ್ಷಕರು ಹಲವರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತಾನೇ ನಡೆಸುವವನಿಗೆ ತನ್ನ ಕೈಯ ಮುಂದಿನ ಚಲನೆಯು ತಿಳಿದಿರುತ್ತದೆ. ಯಂತ್ರವನ್ನು ಕಾಯುವವನು ರಸ್ತೆಯನ್ನೂ ನೋಡಬೇಕು, ಯಂತ್ರದ ಮನಸ್ಸನ್ನೂ ಊಹಿಸಬೇಕು. ಒಳಗಿನ ಕ್ಯಾಮೆರಾ ಅವನ ಕಣ್ಣನ್ನೇ ಕಾಯುತ್ತಿರುತ್ತದೆ. ಗಮನ ತಪ್ಪಿದರೆ ಎಚ್ಚರಿಕೆ, ಮತ್ತೆ ಮತ್ತೆ ತಪ್ಪಿದರೆ ಸೌಲಭ್ಯಕ್ಕೆ ತಡೆ. ಅಂಕದ ಪದ್ಧತಿಯು ಬಂದ ಕಾಲದಲ್ಲಿ, ಜೋರಾಗಿ ಬ್ರೇಕು ಒತ್ತಿದರೆ ಅಂಕ ಇಳಿಯುವುದೆಂಬ ಅಂಜಿಕೆಯಿಂದ ಹಳದಿ ದೀಪಕ್ಕೆ ನಿಲ್ಲಲು ಹಿಂಜರಿದುದಾಗಿ ಹೇಳಿಕೊಂಡವರೂ ಉಂಟು. ಸುರಕ್ಷಿತತೆಯನ್ನು ಅಳೆಯಲು ಹೊರಟ ಕೋಲೇ ಸುರಕ್ಷಿತತೆಗೆ ಅಡ್ಡಬಂದಿತು.

ಯಂತ್ರದ ತಪ್ಪುಗಳು ಚಾಲಕರ ಕಲ್ಪನೆಯಲ್ಲವೆಂಬುದಕ್ಕೆ ಸರ್ಕಾರದ ದಾಖಲೆಗಳೇ ಸಾಕ್ಷಿ. 2021ರ ಅಕ್ಟೋಬರ್ 23ರಂದು ಹೊರಟ 10.3ನೆಯ ಆವೃತ್ತಿಯು, ಎದುರಿಗೆ ಏನೂ ಇಲ್ಲದಿದ್ದರೂ ಡಿಕ್ಕಿಯ ಮುನ್ನೆಚ್ಚರಿಕೆಯನ್ನು ಕೊಟ್ಟು ತಟ್ಟನೆ ಬ್ರೇಕು ಹಾಕತೊಡಗಿದುದರಿಂದ, ಕಂಪನಿಯು ಅದನ್ನು ಕೂಡಲೇ ಹಿಂದಕ್ಕೆ ಪಡೆಯಬೇಕಾಯಿತು; ಇದರ ಸಲುವಾಗಿ ವಿಧಿವತ್ತಾಗಿ ಹಿಂಪಡೆಯಲಾದ ಗಾಡಿಗಳು 11,704. ನಿಲ್ಲಬೇಕೆಂಬ ಫಲಕವಿರುವೆಡೆ ಪೂರ್ತಿ ನಿಲ್ಲದೆ ಗಂಟೆಗೆ ಒಂಬತ್ತು ಕಿಲೋಮೀಟರಿನವರೆಗಿನ ವೇಗದಲ್ಲಿ ತೆವಳಿ ಹೋಗುವಂತೆ ಕಂಪನಿಯವರೇ ಯಂತ್ರಕ್ಕೆ ಕಲಿಸಿದ್ದುದನ್ನು 2022ರ ಆರಂಭದಲ್ಲಿ ತೆಗೆಯಬೇಕಾಗಿ ಬಂದಿತು. ಆಗ 53,822 ಗಾಡಿಗಳು. 2023ರ ಫೆಬ್ರವರಿಯಲ್ಲಿ ಚೌಕಗಳಲ್ಲಿ ನಿಯಮ ಮೀರುವ ದೋಷಕ್ಕಾಗಿ 3,62,758 ಗಾಡಿಗಳು. 2024ರ ಮಾರ್ಚಿನ ಹೊತ್ತಿಗೆ ‘ಬೀಟಾ’ ಎಂಬ ಮಾತು ಹೋಗಿ ‘ಮೇಲ್ವಿಚಾರಣೆಗೊಳಪಟ್ಟ’ ಎಂಬ ವಿಶೇಷಣವು ಬಂದಿತು. ಹೆಸರು ಬದಲಾಯಿತು, ಕಾಯುವವನ ಕೆಲಸವು ಬದಲಾಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಮಂಜು, ಧೂಳು, ಬಿಸಿಲಿನ ಝಳಗಳಿಂದ ನೋಟ ಮಸುಕಾದಾಗ ಸಂಭವಿಸಿದ ನಾಲ್ಕು ಅಪಘಾತಗಳನ್ನು ಕುರಿತು ಅಮೆರಿಕೆಯ ರಸ್ತೆ ಸುರಕ್ಷತಾ ಇಲಾಖೆಯು ತನಿಖೆಯನ್ನು ಆರಂಭಿಸಿತು. ಅವುಗಳಲ್ಲೊಂದರಲ್ಲಿ ರಸ್ತೆಯ ಮೇಲೆ ನಡೆದಿದ್ದವರೊಬ್ಬರು ಪ್ರಾಣ ಕಳೆದುಕೊಂಡಿದ್ದರು.

ಇದಕ್ಕೆ ಕಂಪನಿಗಳು ಕೊಡುವ ಉತ್ತರವು ಒಂದೇ: ಗಾಡಿಯಲ್ಲಿ ಚಾಲಕನಿರುತ್ತಾನೆ, ಹೊಣೆ ಅವನದು. ಈ ಉತ್ತರವು ಮೇಲುನೋಟಕ್ಕೆ ನ್ಯಾಯವಾಗಿ ತೋರುತ್ತದೆ. ಒಳಹೊಕ್ಕು ನೋಡಿದರೆ ಹಾಗಲ್ಲ. ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿಯು 1983ರಷ್ಟು ಹಿಂದೆಯೇ ಸ್ವಯಂಚಾಲನೆಯ ವಿಪರ್ಯಾಸಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದರ ಮರ್ಮವನ್ನು ತೋರಿಸಿಕೊಟ್ಟಿದ್ದಾರೆ. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಅದು ಕೈಬಿಟ್ಟಾಗಿನ ಕಷ್ಟದ ಕ್ಷಣವನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಮನುಷ್ಯನು ಯಾವುದರಲ್ಲಿ ದುರ್ಬಲನೋ ಅದನ್ನೇ ಅವನಿಂದ ಬೇಡಿದಂತಾಗುವುದು. ಯಂತ್ರವು ತೀರ ಕೆಟ್ಟದ್ದಾಗಿದ್ದರೆ ಚಾಲಕನು ಎಚ್ಚರವಾಗಿಯೇ ಇರುವನು. ನೂರು ಸಲ ಸರಿಯಾಗಿ ನಡೆದು ನೂರೊಂದನೆಯ ಸಲ ತಪ್ಪುವ ಯಂತ್ರವೇ ಹೆಚ್ಚು ಅಪಾಯಕಾರಿ. ಆವೃತ್ತಿಯಿಂದ ಆವೃತ್ತಿಗೆ ಯಂತ್ರವು ಉತ್ತಮವಾದಂತೆಲ್ಲ ಕಾಯುವವನ ಕೆಲಸವು ಹಗುರಾಗುವುದಿಲ್ಲ, ಕಠಿನವಾಗುತ್ತದೆ. ಇದು ಚಾಲಕನ ಶೀಲದ ದೋಷವಲ್ಲ, ಏರ್ಪಾಡಿನ ದೋಷ.

ಸಂಬಳ ಪಡೆದ ಪರೀಕ್ಷಕರ ಪಾಡಾದರೂ ಉತ್ತಮವೇ ಎಂದರೆ ಅದೂ ಇಲ್ಲ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ಪಟ್ಟಣದಲ್ಲಿ ಊಬರ್ ಕಂಪನಿಯ ಪರೀಕ್ಷಾ ಗಾಡಿಯು, ಸೈಕಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ಮೃತರಾದರು. ಕಾವಲಿಗೆಂದು ಕುಳಿತಿದ್ದ ಚಾಲಕಿಯ ಕಣ್ಣು ಆಗ ಕೈಫೋನಿನ ಕಡೆಗಿತ್ತು. ಅದು ತಪ್ಪೇ ಸರಿ. ಆದರೆ ಕೇಂದ್ರ ತನಿಖಾ ಮಂಡಲಿಯು 2019ರ ನವೆಂಬರಿನಲ್ಲಿ ಹೊರಗೆಡಹಿದ ಸಂಗತಿಗಳನ್ನೂ ನೋಡಬೇಕು. ಯಂತ್ರವು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಅವರನ್ನು ಕಂಡಿತ್ತು; ಒಮ್ಮೆ ವಾಹನವೆಂದೂ ಒಮ್ಮೆ ಸೈಕಲೆಂದೂ ಬಗೆದು, ಪಾದಚಾರಿಯೆಂದು ಕೊನೆಯವರೆಗೂ ಗುರುತಿಸಲೇ ಇಲ್ಲ. ನಿಗದಿಯಾದ ಸ್ಥಳವಲ್ಲದೆಡೆ ಜನರು ರಸ್ತೆ ದಾಟಿಯಾರೆಂಬ ಆಲೋಚನೆಯನ್ನೇ ಅದಕ್ಕೆ ಕಲಿಸಿರಲಿಲ್ಲ. ಗಾಡಿಯ ತಯಾರಕರು ಇಟ್ಟಿದ್ದ ತುರ್ತು ಬ್ರೇಕಿನ ವ್ಯವಸ್ಥೆಯು ಯಂತ್ರ ನಡೆಸುವಾಗ ಕೆಲಸ ಮಾಡದಂತೆ ತಡೆಯಲಾಗಿತ್ತು. ಮೊದಲು ಗಾಡಿಗೆ ಇಬ್ಬರಿದ್ದ ಕಾವಲುಗಾರರನ್ನು ಒಬ್ಬರಿಗೆ ಇಳಿಸಲಾಗಿತ್ತು. ಕೊನೆಗೆ ಆದುದೇನು? ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು ಅಲ್ಲಿಯ ಸರ್ಕಾರಿ ವಕೀಲರು 2019ರಲ್ಲಿ ತೀರ್ಮಾನಿಸಿದರು. ಚಾಲಕಿಯು 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ನಿಗಾವಣೆಯ ಶಿಕ್ಷೆಗೆ ಗುರಿಯಾದರು. ಕೋತಿಯು ಮೊಸರನ್ನು ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆಯು ನೆನಪಿಗೆ ಬಾರದಿರುವುದೆ?

ಕಾಲವು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಿದೆಯೆಂಬುದು ಸಮಾಧಾನಕರ. 2019ರಲ್ಲಿ ಫ್ಲಾರಿಡಾದಲ್ಲಿ ನಡೆದ ಮತ್ತೊಂದು ಅಪಘಾತದ ವ್ಯಾಜ್ಯದಲ್ಲಿ ಮಯಾಮಿಯ ಜ್ಯೂರಿಯು 2025ರ ಆಗಸ್ಟಿನಲ್ಲಿ ತೀರ್ಪು ಕೊಟ್ಟು, ಟೆಸ್ಲಾದ ಹಿಂದಿನ ‘ಆಟೋಪೈಲಟ್’ ವ್ಯವಸ್ಥೆಯನ್ನು ಬಳಸುತ್ತಿದ್ದ ಚಾಲಕನ ಪಾಲು ನೂರಕ್ಕೆ 67, ಕಂಪನಿಯ ಪಾಲು 33 ಎಂದು ಹೊಣೆಯನ್ನು ಹಂಚಿತು. ಕಂಪನಿಯ ತಲೆಗೆ ಬಿದ್ದ ಮೊತ್ತವು ಸುಮಾರು 24.3 ಕೋಟಿ ಡಾಲರು. ಕಂಪನಿಯು ಮೇಲ್ಮನವಿಯ ಮಾತನ್ನಾಡಿತು. ಅದು ಬೇರೆ ವಿಚಾರ. ಹೊಣೆಯು ಪಾಲಾಗಬಲ್ಲುದು, ಅದೆಲ್ಲವೂ ಚಕ್ರ ಹಿಡಿದವನ ಕೊರಳಿಗೇ ಬೀಳಬೇಕಾಗಿಲ್ಲ ಎಂಬ ತತ್ತ್ವವನ್ನು ಸಾಮಾನ್ಯ ಪ್ರಜೆಗಳ ಪಂಚಾಯಿತಿಯೊಂದು ಎತ್ತಿಹಿಡಿಯಿತೆಂಬುದೇ ಮುಖ್ಯ.

ನಾವು ಯಂತ್ರದ್ವೇಷಿಗಳಲ್ಲ. 2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರು 1 ಲಕ್ಷ 72 ಸಾವಿರಕ್ಕೂ ಹೆಚ್ಚು. ನಿದ್ದೆ, ಕುಡಿತ, ಕೋಪ, ಆತುರಗಳಿಲ್ಲದ ಯಂತ್ರವೊಂದು ಈ ಸಂಖ್ಯೆಯನ್ನು ಇಳಿಸುವುದಾದರೆ ಅದನ್ನು ಕೈಮುಗಿದು ಸ್ವಾಗತಿಸಬೇಕಾದುದೇ. ಬೀದಿಯಲ್ಲಿ ನಡೆಯದ ಯಂತ್ರವು ಬೀದಿಯನ್ನು ಕಲಿಯಲಾರದೆಂಬುದೂ ನಿಜ. ಪರೀಕ್ಷಕರಲ್ಲಿ ಬಹುಮಂದಿ ಉತ್ಸಾಹದಿಂದಲೇ ಮುಂದೆ ಬಂದವರು. ಒಂದು ದೊಡ್ಡ ಕಾರ್ಯದಲ್ಲಿ ತಮ್ಮದೂ ಅಳಿಲುಸೇವೆಯೆಂಬ ಅವರ ಹೆಮ್ಮೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಒಪ್ಪಿಗೆ ಕೊಟ್ಟವನು ಚಾಲಕನೊಬ್ಬನೇ. ಎದುರಿನ ಗಾಡಿಯವನು, ಶಾಲೆಗೆ ಹೋಗುವ ಮಗು, ಕೋಲೂರಿ ದಾಟುವ ವೃದ್ಧರು ಯಾವ ಕರಾರಿಗೂ ರುಜು ಹಾಕಿಲ್ಲ. ರಸ್ತೆಯು ಕಂಪನಿಯ ಪ್ರಯೋಗಶಾಲೆಯಲ್ಲ. ಅದು ಎಲ್ಲರ ಸೊತ್ತು.

ಎಲ್ಲರ ಸೊತ್ತಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶವು ಎಲ್ಲರಿಗೂ ತಿಳಿಯಬೇಡವೆ? ಅಪಘಾತಗಳನ್ನು ಕಂಪನಿಗಳು ವರದಿ ಮಾಡತಕ್ಕುದೆಂದು ಅಮೆರಿಕೆಯ ಸರ್ಕಾರವು 2021ರ ಜೂನಿನಲ್ಲಿ ಆಜ್ಞೆ ಹೊರಡಿಸಿದುದು ಸ್ತುತ್ಯವೇ. ಆದರೆ ಯಾವ ಆವೃತ್ತಿಯು ಗಾಡಿಯನ್ನು ನಡೆಸುತ್ತಿತ್ತು, ಘಟನೆಯು ಹೇಗೆ ನಡೆಯಿತು ಎಂಬ ವಿವರಗಳನ್ನೇ ವ್ಯಾಪಾರದ ಗುಟ್ಟೆಂದು ಮುಚ್ಚಿಡಲು ಆ ಆಜ್ಞೆಯು ಎಡೆಗೊಟ್ಟಿತು. ಟೆಸ್ಲಾ ಕಂಪನಿಯು ಆ ಎಡೆಯನ್ನು ಬಳಸಿಕೊಂಡಿತು. ಬೀಟಾ ಆವೃತ್ತಿಗಳನ್ನು ವರ್ಷಗಟ್ಟಲೆ ಬೀದಿಯಲ್ಲಿ ತಿದ್ದಿದ ಚಾಲಕರ ಸಾಕ್ಷ್ಯವು ಹೀಗೆ ಒಂದು ಕಂಪನಿಯ ತಿಜೋರಿಯ ಪಾಲಾಗುವುದು ನಮಗೆ ಒಪ್ಪಿಗೆಯಲ್ಲ.

ಇದೆಲ್ಲವೂ ದೂರದ ಮಾತೆಂದು ನಾವು ಕೈಕಟ್ಟಿ ಕುಳಿತಿರುವಂತಿಲ್ಲ. ಟೆಸ್ಲಾ ತನ್ನ ಭಾರತದ ಅಂಗಸಂಸ್ಥೆಯನ್ನು 2021ರ ಜನವರಿಯಲ್ಲಿ ನೋಂದಾಯಿಸಿದುದು ನಮ್ಮ ಬೆಂಗಳೂರಿನಲ್ಲಿ. 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಅದರ ಮೊದಲ ಮಳಿಗೆಯು ತೆರೆಯಿತು. ಸಾಲನ್ನು ತಾನೇ ಹಿಡಿಯುವ, ಬ್ರೇಕನ್ನು ತಾನೇ ಹಾಕುವ ಗಾಡಿಗಳನ್ನು ನಮ್ಮ ದೇಶದ ತಯಾರಕರೂ ಮಾರುತ್ತಿದ್ದಾರೆ. ಚಾಲಕರ ಹೊಟ್ಟೆಪಾಡಿನ ದೃಷ್ಟಿಯಿಂದ ಚಾಲಕರಹಿತ ಗಾಡಿಗಳಿಗೆ ಇಲ್ಲಿ ಅವಕಾಶವಿಲ್ಲವೆಂದು ಕೇಂದ್ರದ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಹೇಳಿದರು. ಆದರೆ ಚಾಲಕನನ್ನು ಕೂರಿಸಿಕೊಂಡೇ ನಡೆಯುವ ಪರೀಕ್ಷೆಗೆ ಆ ಮಾತು ತಡೆಯಾಗದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ 2ಬಿ ಪ್ರಕರಣವು, ಹೊಸ ಶೋಧನೆಗೆ ಉತ್ತೇಜನ ಕೊಡುವ ಸಲುವಾಗಿ ಕೆಲವು ಬಗೆಯ ವಾಹನಗಳಿಗೆ ಕಾಯಿದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಬಾಗಿಲಿದೆ, ಅದು ತೆರೆಯುವ ಮುನ್ನ ಷರತ್ತುಗಳು ಗೊತ್ತಾಗಬೇಕು.

ನಮ್ಮ ಬೇಡಿಕೆಗಳು ಸರಳವಾದುವು. ಅಪೂರ್ಣವಾದ ಸಾಫ್ಟ್‌ವೇರನ್ನು ರಸ್ತೆಯಲ್ಲಿ ಪರೀಕ್ಷಿಸುವವರು ತರಬೇತಿ ಪಡೆದವರಾಗಿರಲಿ. ಅವರಿಗೆ ಸಂಬಳವೂ ವಿಮೆಯೂ ದೊರೆಯಲಿ. ಹೊಸ ಆವೃತ್ತಿಯನ್ನು ಬೇಡವೆಂದು ಹಳೆಯದಕ್ಕೆ ಮರಳುವ ಹಕ್ಕು ಗಾಡಿಯ ಒಡೆಯನಿಗಿರಲಿ. ಅಪಘಾತದ ವರದಿಯಲ್ಲಿ ಆವೃತ್ತಿಯ ವಿವರವು ಬಹಿರಂಗವಾಗಿರಲಿ. ಮಾಡಲಾಗದ ಕೆಲಸವನ್ನು ಸೂಚಿಸುವ ಹೆಸರಿನಿಂದ ಯಂತ್ರವನ್ನು ಮಾರದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಯಂತ್ರವು ನಡೆಸುತ್ತಿದ್ದಾಗ ಆದ ತಪ್ಪಿಗೆ ಯಂತ್ರದ ಕರ್ತೃವೂ ಉತ್ತರವಾದಿಯಾಗಲಿ. ಅನುಮತಿ ಪಡೆದ ಸ್ವಯಂಚಾಲಿತ ಗಾಡಿಯು ತಾನೇ ನಡೆಯುತ್ತಿರುವಾಗಿನ ಚಾಲನೆಯ ತಪ್ಪಿಗೆ ಒಳಗೆ ಕುಳಿತವನನ್ನು ಹಿಡಿಯಕೂಡದೆಂಬ ತತ್ತ್ವವನ್ನು ಬ್ರಿಟನ್ನಿನ ಪಾರ್ಲಿಮೆಂಟು 2024ರ ಕಾಯಿದೆಯಲ್ಲಿ ಅಂಗೀಕರಿಸಿದೆ. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವಾಗಬೇಕಾಗಿಲ್ಲ.

ಹೊಸ ಯಂತ್ರವು ಬರಲಿ, ಕಲಿಯಲಿ, ಬೆಳೆಯಲಿ. ಆದರೆ ಕಲಿಸುವವನ ಕೂಲಿಯನ್ನು ಕೊಡದೆ, ಕಲಿಯುವಾಗ ಒಡೆದ ಮಡಕೆಯ ಬೆಲೆಯನ್ನು ಅವನಿಂದಲೇ ವಸೂಲು ಮಾಡುವ ವ್ಯಾಪಾರವು ಯಾವ ದೇಶದಲ್ಲಿ ನಡೆದರೂ ಅನ್ಯಾಯವೇ. ನಮ್ಮ ಶಾಸನಕರ್ತರು ಇದನ್ನು ಮೊದಲ ಅಪಘಾತವಾಗುವವರೆಗೆ ಕಾಯದೆ ಈಗಲೇ ಯೋಚಿಸತಕ್ಕುದು.