ಹಳೆಯ ಲಾರಿ, ಹೊಸ ಸಂಸಾರ

ವಿವಾಹವು ಇಬ್ಬರನ್ನು ಕೂಡಿಸುವ ಸಂಸ್ಕಾರವೆಂದು ನಾವೆಲ್ಲರೂ ಬಲ್ಲೆವು. ಅದು ಬಿಟ್ಟುಬರುವುದನ್ನು ಕಲಿಸುವ ಸಂಸ್ಕಾರವೂ ಹೌದೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಪವಿತ್ರ ಗ್ರಂಥದ ಆದಿಕಾಂಡದಲ್ಲಿ, ಎರಡನೆಯ ಅಧ್ಯಾಯದ ಕೊನೆಯಲ್ಲಿ, ಪತಿಪತ್ನಿಯರ ಐಕ್ಯದ ಮಾತಿಗಿಂತ ಮುಂಚೆ ತೊರೆಯುವ ಮಾತು ಬರುತ್ತದೆ. ಅಲ್ಲಿ ತಂದೆತಾಯಿಯರನ್ನು ಬಿಟ್ಟು ಹೊರಡಬೇಕಾದವನು ಪುರುಷ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಫರಿಸಾಯರು ವಿವಾಹ ವಿಚ್ಛೇದನದ ಪ್ರಶ್ನೆಯನ್ನು ತಂದಾಗ ಯೇಸುಸ್ವಾಮಿಯವರು ಇದೇ ವಾಕ್ಯವನ್ನು ಅವರ ಮುಂದಿಟ್ಟರು. ನಮ್ಮ ಸಮಾಜದಲ್ಲಾದರೋ ಈ ಕ್ರಮ ತಲೆಕೆಳಗಾಗಿದೆ. ಹೆಣ್ಣುಮಗಳು ಹುಟ್ಟಿದ ಮನೆಯನ್ನು, ತನ್ನ ಊರಿನ ದೇವಾಲಯವನ್ನು, ಅಲ್ಲಿನ ಗಾಯನ ಮಂಡಳಿಯನ್ನು, ಎಷ್ಟೋ ಸಲ ಕೈಯಲ್ಲಿದ್ದ ಉದ್ಯೋಗವನ್ನೂ ಬಿಟ್ಟು ಬರುತ್ತಾಳೆ. ಅದನ್ನು ಪದ್ಧತಿ ಎಂದು ಕರೆದು ಸುಮ್ಮನಾಗುತ್ತೇವೆ. ಗಂಡುಮಗನೊಬ್ಬ ಒಂದೇ ಒಂದು ವಸ್ತುವನ್ನು ಬಿಡಬೇಕಾಗಿ ಬಂದರೆ ಮಾತ್ರ ಎರಡು ಮನೆಗಳ ಹಿರಿಯರು ಪಂಚಾಯಿತಿ ಕೂಡುತ್ತಾರೆ.

ಈಚೆಗೆ ಒಂದು ಕುಟುಂಬದಲ್ಲಿ ಆ ವಸ್ತು ಒಂದು ಹಳೆಯ ಲಾರಿಯಾಗಿತ್ತು. ಇಬ್ಬರ ಒಪ್ಪಿಗೆಯನ್ನೂ ಪಡೆದು, ಹೆಸರು ಊರುಗಳನ್ನು ಬಿಟ್ಟು, ಆ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇನೆ. ತಂದೆ ಬ್ಯಾಂಕಿನ ಸಾಲದಿಂದ ಕೊಂಡು, ಕಂತು ಕಂತಾಗಿ ಋಣ ತೀರಿಸಿ, ಮಗನಿಗೆ ಬಿಟ್ಟುಹೋದ ಲಾರಿ ಅದು. ಮೊದಲು ಹಂಚು, ಆಮೇಲೆ ಕೆಂಪುಕಲ್ಲು, ಮಳೆಗಾಲದಲ್ಲಿ ಸಿಕ್ಕಿದ ಬಾಡಿಗೆ, ಹೀಗೆ ದುಡಿದು ಮನೆಯ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಅದು ನಡೆಸಿಕೊಟ್ಟಿತ್ತು. ಮಗನ ಮದುವೆಯ ಮಾತು ಬಂದಾಗ ಹುಡುಗಿಯ ಕಡೆಯ ಹಿರಿಯರು ಒಂದೇ ಮಾತು ಹೇಳಿದರು: ಲಾರಿ ಮಾರಿದ ಮೇಲೆ ನಿಶ್ಚಿತಾರ್ಥ. ಹುಡುಗ ಎರಡು ವಾರ ಉತ್ತರ ಕೊಡಲಿಲ್ಲ. ಹೆಂಡತಿಗಿಂತ ಲಾರಿ ಹೆಚ್ಚಾಯಿತೇ ಎಂದು ಊರಿನವರು ನಕ್ಕರು.

ಆ ನಗೆಯನ್ನು ನಾನು ಒಪ್ಪುವುದಿಲ್ಲ. ಹಿರಿಯರು ಹಾಕಿದ ಷರತ್ತನ್ನೂ ಒಪ್ಪುವುದಿಲ್ಲ. ಆದರೂ ಆ ಲಾರಿಯನ್ನು ಬಿಡಬೇಕಾಗಿತ್ತು ಎಂಬುದೇ ನನ್ನ ಅಭಿಪ್ರಾಯ. ಈ ಮೂರು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತೋರಬಹುದು. ಒಂದೊಂದನ್ನಾಗಿ ವಿಚಾರಿಸೋಣ.

ಮೊದಲನೆಯದಾಗಿ ನಗೆಯ ವಿಷಯ. ನಮ್ಮ ಕರಾವಳಿಯಲ್ಲಿ ಲಾರಿಯೆಂದರೆ ಬರಿಯ ಕಬ್ಬಿಣವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಮಣ್ಣಿನ ಹಂಚು ದೂರ ದೂರದ ಊರುಗಳ ಮಾಡು ಏರಿತು. ಮುಂದೆ ಆ ಹಂಚನ್ನೂ, ಕಲ್ಲನ್ನೂ, ಅಡಿಕೆಯನ್ನೂ ಹೊತ್ತು ಶಿರಾಡಿ ಘಾಟಿಯ ತಿರುವುಗಳನ್ನು ಹತ್ತಿದ್ದು ಇಂಥ ಲಾರಿಗಳೇ. ಮಳೆಗಾಲದ ರಾತ್ರಿ, ಮಂಜು ಮುಸುಕಿದ ಘಾಟಿಯಲ್ಲಿ, ಗೇರು ಇಳಿಸಿ ತುಂಬಿದ ಲಾರಿಯನ್ನು ಕೆಳಗೆ ತರುವವನಿಗೆ ಅದರ ಎಂಜಿನಿನ ಸದ್ದು ತನ್ನ ಉಸಿರಿನಷ್ಟೇ ಪರಿಚಿತ. ಫ್ರಾನ್ಸಿನ ಕ್ಯಾಥೊಲಿಕ್ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ 1935ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮನುಷ್ಯನ 'ಇರುವಿಕೆ' ಮತ್ತು 'ಹೊಂದಿರುವಿಕೆ'ಗಳ ಭೇದವನ್ನು ಕುರಿತು ಆಳವಾಗಿ ಚಿಂತಿಸಿದರು. ನಾವು ಹೊಂದಿದ ವಸ್ತು ಕ್ರಮೇಣ ನಮ್ಮನ್ನೇ ಹೊಂದಿಬಿಡಬಲ್ಲದು ಎಂದು ಅವರು ಎಚ್ಚರಿಸುತ್ತಾರೆ. ಅದರ ಜೊತೆಗೆ, ತೋಟಗಾರನಿಗೆ ತೋಟ, ವಾದಕನಿಗೆ ಪಿಟೀಲು ಬರಿಯ ಸ್ವತ್ತಾಗಿ ಉಳಿಯುವುದಿಲ್ಲ, ಸೃಜನಶೀಲ ದುಡಿಮೆಯಲ್ಲಿ ಅದು ಅವನ ಇರುವಿಕೆಯ ಭಾಗವೇ ಆಗುತ್ತದೆ ಎಂಬುದನ್ನೂ ಅವರು ಗುರುತಿಸಿದ್ದಾರೆ. ಚಾಲಕನಿಗೆ ಲಾರಿಯೂ ಹಾಗೆಯೇ. ನಮ್ಮ ಧರ್ಮಸಭೆಯೂ ಇದನ್ನು ಬಲ್ಲದು. 1984ರಲ್ಲಿ ಹೊರಬಂದ ಆಶೀರ್ವಾದಗಳ ವಿಧಿಗ್ರಂಥದಲ್ಲಿ ವಾಹನಗಳಿಗೂ ಒಂದು ಆಶೀರ್ವಾದವಿದೆ. ಆದಕಾರಣ ಲಾರಿಗಾಗಿ ಮರುಗುವವನನ್ನು ಕಂಡು ನಗುವುದು ದುಡಿಮೆಗೆ ಮಾಡುವ ಅವಮಾನ.

ಎರಡನೆಯದು, ಆ ಲಾರಿಯನ್ನು ಏಕೆ ಬಿಡಬೇಕಾಗಿತ್ತು ಎಂಬ ಪ್ರಶ್ನೆ. ಲಾರಿ ಹಳೆಯದು ಎಂಬುದೇ ಕಾರಣವಲ್ಲ. ಹಳೆಯದಾದರೂ ಗಟ್ಟಿಯಾಗಿದ್ದು ಮನೆಗೆ ಅನ್ನ ಹಾಕುವ ವಾಹನವನ್ನು ಮಾರೆಂದು ಹೇಳುವುದು ವಿವೇಕವಲ್ಲ. ಇಲ್ಲಿ ಲೆಕ್ಕವೇ ಬೇರೆಯಾಗಿತ್ತು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಲೇಬೇಕು. ಹದಿನೈದು ವರ್ಷ ಮೀರಿದ ಭಾರಿ ವಾಹನಗಳಿಗೆ ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ ಅದರ ಶುಲ್ಕವನ್ನು ರೂ. 12,500ಕ್ಕೆ ಏರಿಸಿತು. ಎಫ್.ಸಿ.ಗೆ ಮುಂಚೆ ಪೇಂಟು, ಬ್ರೇಕು, ಟಯರು. ಆಮೇಲೆ ವಿಮೆ, ತೆರಿಗೆ. ಒಂದು ತಿಂಗಳು ಕ್ಲಚ್ಚು, ಮರುತಿಂಗಳು ಗೇರ್‌ಬಾಕ್ಸು. ದೂರದ ಬಾಡಿಗೆಗೆ ಜನ ಹೊಸ ಲಾರಿಗಳನ್ನೇ ಕೇಳುತ್ತಾರೆ. ಆ ಯುವಕ ನಾಲ್ಕು ವರ್ಷಗಳಿಂದ ಗಳಿಸಿದ್ದನ್ನೆಲ್ಲ ಗ್ಯಾರೇಜಿಗೆ ಸುರಿದು, ಸಾಲದೆ ಕೈಸಾಲ ಮಾಡಿದ್ದ. ಆ ಸಾಲ ತಾಯಿಗೂ ಗೊತ್ತಿರಲಿಲ್ಲ. ಲಾರಿ ಅವನನ್ನು ಸಾಕುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಅವನೇ ಲಾರಿಯನ್ನು ಸಾಕುತ್ತಿದ್ದ.

ಏಕೆ ಸಾಕುತ್ತಿದ್ದ? ಚಾಲಕನ ಸೀಟಿನಲ್ಲಿ ಕುಳಿತಾಗ ತಂದೆಯ ಪಕ್ಕದಲ್ಲಿ ಕುಳಿತಂತಾಗುತ್ತದೆ ಎಂದು ಅವನು ಹೇಳಿದ. ಆದಿಕಾಂಡದ ಮಾತು ನಮಗೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಆ ಲಾರಿ ಅವನ ಪಾಲಿಗೆ ಚಕ್ರಗಳ ಮೇಲಿದ್ದ ತಂದೆಯ ಮನೆ. ತಂದೆಯನ್ನು ಗೌರವಿಸಬೇಕೆಂಬುದು ದೇವರ ಆಜ್ಞೆ; ಮಡದಿಗಾಗಿ ತಂದೆಯ ಮನೆಯನ್ನು ಬಿಡಬೇಕೆಂಬುದೂ ದೇವರ ಮಾತೇ. ಗೌರವ ಮತ್ತು ಅಗಲಿಕೆ ಒಂದೇ ಹೃದಯದಲ್ಲಿ ಇರಬಲ್ಲವು. ಇರಲಾರದ್ದು ಗುಟ್ಟು. ಬರಲಿರುವ ಮಡದಿಗೆ ತಿಳಿಸದ ಸಾಲ, ತೋರಿಸದ ಲೆಕ್ಕ, ಅವಳು ಕೈಹಾಕಬಾರದ ಒಂದು ಮೂಲೆ ಮನೆಯಲ್ಲಿದ್ದರೆ ಆ ಮನೆ ಪೂರ್ತಿಯಾಗಿ ಅವಳದ್ದಾಗದು. 1983ರ ಧರ್ಮಸಭೆಯ ಕಾನೂನು ಸಂಹಿತೆ ವಿವಾಹವನ್ನು ಸಮಗ್ರ ಜೀವನದ ಸಹಭಾಗಿತ್ವವೆಂದು ಕಾಣುತ್ತದೆ. ಸಮಗ್ರ ಎಂದ ಮೇಲೆ ಲಾರಿಯನ್ನು ಹೊರತುಪಡಿಸಿ ಎಂಬ ಅಡಿಟಿಪ್ಪಣಿಗೆ ಅಲ್ಲಿ ಸ್ಥಳವಿಲ್ಲ.

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಓದುಗರು ಇಂದು ಸಂಜೆ ಮನೆಯಲ್ಲಿ ಒಮ್ಮೆ ಓದಿ ನೋಡಲಿ. ಯೇಸುಸ್ವಾಮಿಯವರು ವಿವಾಹದ ಬಗ್ಗೆ ಬೋಧಿಸಿದ ತರುವಾಯ ಮಕ್ಕಳನ್ನು ಆಶೀರ್ವದಿಸುತ್ತಾರೆ. ಅದರ ಬೆನ್ನಿಗೇ ಆಸ್ತಿಯನ್ನು ಬಿಡಲಾರದೆ ಮುಖ ಬಾಡಿಸಿಕೊಂಡು ಹೊರಟುಹೋದ ಶ್ರೀಮಂತನ ಪ್ರಸಂಗ ಬರುತ್ತದೆ. ದಂಪತಿಗಳು, ಮಕ್ಕಳು, ಆಸ್ತಿ: ಒಂದು ಸಂಸಾರದ ಕಷ್ಟಸುಖಗಳೆಲ್ಲ ಒಂದೇ ಅಧ್ಯಾಯದಲ್ಲಿ ಅಡಕವಾಗಿವೆ. ಆ ಮನುಷ್ಯನ ಪ್ರಸಂಗದಲ್ಲಿ ಇನ್ನೊಂದು ಅಂಶವೂ ಇದೆ. ಸ್ವಾಮಿಯವರು ಅವನನ್ನು ಪ್ರೀತಿಯಿಂದ ದಿಟ್ಟಿಸಿ ನೋಡಿದ ಬಳಿಕವೇ ಬಿಡುವ ಮಾತನ್ನು ಹೇಳಿದರು. ಒಪ್ಪದೆ ಹೋದಾಗ ಬೆನ್ನಟ್ಟಿ ಒತ್ತಾಯಿಸಲಿಲ್ಲ.

ಇದರಿಂದ ಮೂರನೆಯ ವಿಚಾರಕ್ಕೆ, ಹಿರಿಯರ ಷರತ್ತಿಗೆ ಬರುತ್ತೇವೆ. ಮೇಲೆ ಹೇಳಿದ ಕಾನೂನು ಸಂಹಿತೆಯ 1102ನೆಯ ವಿಧಿಯ ಪ್ರಕಾರ, ಮುಂದೆ ನಡೆಯಬೇಕಾದ ಸಂಗತಿಯೊಂದಕ್ಕೆ ಷರತ್ತುಬದ್ಧವಾಗಿ ಮಾಡಿಕೊಂಡ ವಿವಾಹ ಸಿಂಧುವಾಗದು. ನಿಶ್ಚಿತಾರ್ಥಕ್ಕೆ ಮುಂಚಿನ ಮಾತುಕತೆಗೆ ಈ ವಿಧಿ ಅನ್ವಯಿಸುವುದಿಲ್ಲ, ನಿಜ. ಆದರೆ ಅದರ ಹಿಂದಿರುವ ತತ್ತ್ವ ಇಲ್ಲಿಯೂ ಸಲ್ಲುತ್ತದೆ. ತನ್ನನ್ನು ತಾನೇ ಕೊಟ್ಟುಕೊಳ್ಳುವವನು 'ಇದಾದರೆ ಮಾತ್ರ' ಎನ್ನುವುದಿಲ್ಲ. ಷರತ್ತಿಗೆ ಮಣಿದು ಮಾರಿದ ಲಾರಿ ದಾನವಾಗುವುದಿಲ್ಲ, ಬೆಲೆಯಾಗುತ್ತದೆ. ಬೆಲೆ ಕೊಟ್ಟವನು ಒಂದಲ್ಲ ಒಂದು ದಿನ ರಸೀದಿ ತೋರಿಸುತ್ತಾನೆ. ನಿನಗಾಗಿ ಅಪ್ಪನ ಲಾರಿ ಮಾರಿದೆ ಎಂಬ ಮಾತು ಇಪ್ಪತ್ತು ವರ್ಷಗಳ ಮೇಲೂ ಊಟದ ಹೊತ್ತಿಗೆ ಎದ್ದುಬರುತ್ತದೆ. ಅಂಗಳದಿಂದ ಹೋದ ಲಾರಿ ಮನಸ್ಸಿನಲ್ಲಿ ನಿಂತೇ ಇರುತ್ತದೆ.

ಗಂಡಿನ ಕಡೆಯವರಿಗೂ ಒಂದು ಮಾತು. ಹಳೆಯದನ್ನು ನಾವು ಮಾರುತ್ತೇವೆ, ಹೊಸದನ್ನು ನೀವು ಕೊಡಿಸಿ ಎಂದು ಬೀಗರ ಕಡೆ ಕೈ ಚಾಚಿದರೆ ಅದು ವರದಕ್ಷಿಣೆ. 1961ರ ಕಾಯಿದೆ ಅದನ್ನು ನಿಷೇಧಿಸಿದೆ. ಕಾಯಿದೆಗಿಂತ ಮೊದಲೇ ನಮ್ಮ ಮನಸ್ಸಾಕ್ಷಿ ಅದನ್ನು ನಿಷೇಧಿಸಬೇಕಿತ್ತು.

ಹಾಗಾದರೆ ಬಿಡುವುದು ಹೇಗೆ? ಲೊಯೋಲಾದ ಸಂತ ಇಗ್ನೇಷಿಯಸರು, 1548ರಲ್ಲಿ ರೋಮಿನಲ್ಲಿ ಮುದ್ರಣಗೊಂಡ ತಮ್ಮ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ, ಹತ್ತು ಸಾವಿರ ಡುಕಾಟ್ ಹಣ ಕೈಸೇರಿದ ಮೂರು ಬಗೆಯ ಜನರನ್ನು ನಮ್ಮ ಧ್ಯಾನಕ್ಕೆ ಒದಗಿಸುತ್ತಾರೆ. ಎಲ್ಲರಿಗೂ ಆ ಹಣದ ಮೋಹದಿಂದ ಬಿಡುಗಡೆ ಬೇಕು. ಮೊದಲನೆಯವರು ಸಾಯುವ ತನಕ ಏನೂ ಮಾಡುವುದಿಲ್ಲ. ಎರಡನೆಯವರಿಗೆ ಮೋಹ ಹೋಗಬೇಕು, ಹಣ ಮಾತ್ರ ಉಳಿಯಬೇಕು. ಮೂರನೆಯವರು ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಸಮಾನವಾಗಿ ಸಿದ್ಧರಾಗಿ, ದೇವರ ಸೇವೆಗೆ ಯಾವುದು ಹಿತವೋ ಅದನ್ನು ಆರಿಸಿಕೊಳ್ಳುತ್ತಾರೆ. ಈ ಮೂವರೂ ನಮ್ಮ ಊರಿನಲ್ಲಿದ್ದಾರೆ. ಮುಂದಿನ ವರ್ಷ ನೋಡೋಣ ಎನ್ನುವವನು ಮೊದಲನೆಯವ. ಲಾರಿಯನ್ನು ತಮ್ಮನ ಹೆಸರಿಗೆ ಬರೆಸಿ ತಾನೇ ಓಡಿಸುವವನು ಎರಡನೆಯವ. ಮೂರನೆಯವನು ಲೆಕ್ಕದ ಪುಸ್ತಕವನ್ನು ತೆರೆದು ಬಾಳಸಂಗಾತಿಯ ಎದುರಿಗೆ ಇಡುತ್ತಾನೆ.

ನಾನು ಹೇಳಿದ ಪ್ರಸಂಗದಲ್ಲಿ ಆ ಕೆಲಸಕ್ಕೆ ದಾರಿ ಮಾಡಿದವಳು ಹುಡುಗಿ. ಷರತ್ತನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಅವಳು ತನ್ನ ಹಿರಿಯರನ್ನೇ ಕೇಳಿಕೊಂಡಳು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಬಳಿಕ ಇಬ್ಬರೂ ಕುಳಿತು ಎಫ್.ಸಿ., ವಿಮೆ, ಟಯರು, ಕೈಸಾಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದರು. ಆ ಹಾಳೆಯ ಇನ್ನೊಂದು ಬದಿಯಲ್ಲಿ ಅವಳು ತಾನು ಬಿಟ್ಟುಬರಲಿದ್ದ ಉದ್ಯೋಗದ ಸಂಬಳವನ್ನೂ ಬರೆದಳು. ಅವಳು ಏನನ್ನು ಬಿಡುತ್ತಿದ್ದಾಳೆಂದು ಅವನಿಗೆ ಅಂಕಿಯಲ್ಲಿ ಕಂಡದ್ದು ಆಗಲೇ. ಲಾರಿ ಮಾರೋಣವೆಂದು ಅವನೇ ಹೇಳಿದ. ಅವಳ ಉದ್ಯೋಗ ಉಳಿಯುವಂತೆ ಮನೆ ಮಾಡೋಣವೆಂದೂ ಅವನೇ ಹೇಳಿದ. ಇಂದು ಅವನು ಇನ್ನೊಬ್ಬರ ಲಾರಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಾನೆ. ಸುಲಭವೆಂದು ನಾನು ಹೇಳಲಾರೆ; ಸ್ವಂತ ಗಾಡಿ ಓಡಿಸಿದವನಿಗೆ ಅದು ಸಣ್ಣ ನೋವಲ್ಲ. ಆದರೆ ಕೈಸಾಲ ತೀರಿದೆ. ರಾತ್ರಿ ಫೋನು ಬಂದರೆ ಮನೆಯವರು ಬೆಚ್ಚುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ಪತಿಪತ್ನಿಯರ ನಡುವಿನ ಸ್ನೇಹವನ್ನು ಸ್ನೇಹಗಳಲ್ಲೆಲ್ಲ ಅತ್ಯಂತ ಹಿರಿದೆಂದು ಪರಿಗಣಿಸಿದರು. ಸ್ನೇಹಕ್ಕೆ ಒಂದು ಬಗೆಯ ಸಮಾನತೆ ಬೇಕೆಂಬುದನ್ನು ಅವರು ಅರಿಸ್ಟಾಟಲನಿಂದ ಕಲಿತವರು. ಒಬ್ಬರ ತ್ಯಾಗಕ್ಕೆ ಮೆರವಣಿಗೆ, ಇನ್ನೊಬ್ಬರ ತ್ಯಾಗಕ್ಕೆ ಮೌನ ಎಂಬ ಮನೆಯಲ್ಲಿ ಆ ಸ್ನೇಹ ಬೆಳೆಯುವುದು ಕಷ್ಟ. ಮದುವೆಯ ಮುನ್ನಾದಿನ ನಮ್ಮ ಮನೆಗಳಲ್ಲಿ ನಡೆಯುವ ರೋಸ್ ಶಾಸ್ತ್ರವನ್ನೇ ನೋಡಿರಿ. ತೆಂಗಿನ ಹಾಲನ್ನು ಮದುಮಗಳಿಗೂ ಎರೆಯುತ್ತಾರೆ, ಮದುಮಗನಿಗೂ ಎರೆಯುತ್ತಾರೆ. ಹಳೆಯ ಬಾಳಿಗೆ ವಿದಾಯ ಹೇಳಬೇಕಾದವರು ಇಬ್ಬರೂ ಎಂಬುದನ್ನು ನಮ್ಮ ಪೂರ್ವಜರು ಮರೆತಿರಲಿಲ್ಲ.

ಕೊನೆಯದಾಗಿ ಹಣದ ಮಾತು. ದಾಂಪತ್ಯಕ್ಕಾಗಿ ಲಾರಿ ಮಾರುವುದು ಬೇರೆ, ಮದುವೆಯ ಊಟಕ್ಕಾಗಿ ಮಾರುವುದು ಬೇರೆ. ತಂದೆ ಮೂವತ್ತು ವರ್ಷ ಬೆವರು ಸುರಿಸಿ ಉಳಿಸಿದ್ದನ್ನು ಸಭಾಂಗಣದ ಬಾಡಿಗೆ, ಬ್ಯಾಂಡು, ಮದ್ಯಗಳಿಗೆ ಒಂದೇ ಸಂಜೆ ಸುರಿದರೆ ಅದನ್ನು ತ್ಯಾಗವೆನ್ನಲಾಗದು. ಆ ಹಣದಿಂದ ಮೊದಲು ಸಾಲ ತೀರಲಿ. ಉಳಿದದ್ದು ಇಬ್ಬರ ಹೆಸರಿನ ಖಾತೆಯಲ್ಲಿರಲಿ. ಅದೇ ಲಾರಿಯಲ್ಲಿ ವರ್ಷಗಟ್ಟಲೆ ದುಡಿದ ಕ್ಲೀನರ್ ಇದ್ದರೆ ಅವನ ಪಾಲನ್ನು ಮರೆಯಬಾರದು. ಲಾರಿ ಹೋಗುವ ದಿನ ಮನೆಯವರೆಲ್ಲ ಅಂಗಳಕ್ಕೆ ಬಂದು, ಅದು ಹಾಕಿದ ಅನ್ನಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿ, ದಿವಂಗತ ತಂದೆಯ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಮಾಡಲಿ. ಬಯಸಿದರೆ ಹಣೆಯ ಮೇಲಿನ ನಾಮಫಲಕವನ್ನು ಕಳಚಿ ಮನೆಯಲ್ಲಿಡಲಿ.

ಮುಂದಿನ ತಿಂಗಳುಗಳಲ್ಲಿ ಮದುವೆಯ ಪ್ರಕಟಣೆ ಓದಿಸಲಿರುವ ಯುವಕ ಯುವತಿಯರಿಗೆ ನನ್ನ ವಿನಂತಿ ಇಷ್ಟೇ. ಮೂರು ಭಾನುವಾರ ನಿಮ್ಮ ಹೆಸರುಗಳು ದೇವಾಲಯದಲ್ಲಿ ಕೇಳಿಬರುವ ಮೊದಲು ನೀವಿಬ್ಬರೂ ಒಂದು ಹಾಳೆ ತೆಗೆದುಕೊಳ್ಳಿರಿ. ಬಿಡಲಾರೆ ಎನಿಸುವುದನ್ನು ಒಂದು ಬದಿಯಲ್ಲಿ ಅವನು ಬರೆಯಲಿ, ಇನ್ನೊಂದು ಬದಿಯಲ್ಲಿ ಅವಳು ಬರೆಯಲಿ. ಹಿರಿಯರು ಆ ಹೊತ್ತು ಸ್ವಲ್ಪ ದೂರ ಕುಳಿತಿರಲಿ.