ನಂಬಿದವರ ಬಾಗಿಲು

ಡೊಂಬಿವಲಿಯಲ್ಲಿ ಕರೆಂಟು ಹೋದಾಗ ಬೈಯುವವರಲ್ಲಿ ನಾನೇ ಮೊದಲಿಗ. ಆದರೆ ಕರೆಂಟು ಹೋದದ್ದರಿಂದಲೇ ಬದುಕಿಕೊಂಡ ಒಂದು ದೊಡ್ಡ ಕಂಪನಿ ಇದೆ, ಗೊತ್ತೇ? ಅದಕ್ಕೆ ಬಿದ್ದ ಏಟು ನಮ್ಮ ನವಿ ಮುಂಬಯಿಯ ಪಕ್ಕದ ನ್ಹಾವಾ ಶೇವಾ ಬಂದರಿಗೂ ತಾಗಿತ್ತು.

2017ರ ಜೂನ್ 27ರಂದು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯ ಕಂಪ್ಯೂಟರ್ ಜಾಲ ಜಗತ್ತಿನಾದ್ಯಂತ ಕುಸಿಯಿತು. ಅದರ ಬಳಗದವರು ನ್ಹಾವಾ ಶೇವಾದಲ್ಲಿ ನಡೆಸುತ್ತಿದ್ದ ಟರ್ಮಿನಲ್ಲಿನಲ್ಲೂ ಕಂಪ್ಯೂಟರುಗಳು ಕೈಕೊಟ್ಟು, ಕೈಯಿಂದಲೇ ಕೆಲಸ ಸಾಗಿಸಬೇಕಾಯಿತು.

ಕಳ್ಳ ಬಂದದ್ದು ಕಿಟಕಿ ಒಡೆದಲ್ಲ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ಸಾಫ್ಟ್‌ವೇರಿನ ಅಪ್‌ಡೇಟಿನಲ್ಲಿ ಅಡಗಿ ಬಂತು, ನಾಟ್‌ಪೆಟ್ಯಾ. ವಿಂಡೋಸಿನ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಂಡ ಯಂತ್ರಗಳೂ ಬಿದ್ದವು! ಯಾಕೆಂದರೆ ಅದು ಒಂದು ಯಂತ್ರದಲ್ಲಿ ಉಳಿದ ಪಾಸ್‌ವರ್ಡ್ ಕದ್ದು ಪಕ್ಕದ್ದರ ಬೀಗ ತೆಗೆಯುತ್ತಿತ್ತು. ದುಡ್ಡು ಕೇಳಿದ್ದು ಬರೀ ನಾಟಕ. ಕೊಟ್ಟರೂ ಕಡತ ವಾಪಸು ಬರುವಂತಿರಲಿಲ್ಲ.

ಅಪಾಯ ಅಂದರೆ ಹೊರಗಿನವನು ಅಂತ ನಾವು ತಿಳಿದಿದ್ದೇವೆ. ನನಗೆ ಹೆದರಿಕೆ ನಾವೇ ನಂಬಿ ಒಳಗೆ ಬಿಟ್ಟುಕೊಂಡವರದು. ಆ ಬಾಗಿಲನ್ನು ಯಾರೂ ಕಾಯುವುದಿಲ್ಲ.

ಮೇರ್ಸ್ಕಿನಲ್ಲಿ ಯಾರಿಗೆ ಎಲ್ಲಿ ಪ್ರವೇಶ ಎಂಬ ಪಟ್ಟಿಯ ಪ್ರತಿಗಳು ನೂರಕ್ಕೂ ಹೆಚ್ಚು ಇದ್ದವಂತೆ. ಎಲ್ಲವೂ ಒಂದಕ್ಕೊಂದು ಜೋಡಿಸಿದ್ದವು, ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ: ಘಾನಾದ ಕಚೇರಿಯದು. ಅಲ್ಲಿ ಆ ಹೊತ್ತಿಗೆ ಕರೆಂಟು ಇರಲಿಲ್ಲ! ಅದನ್ನೇ ಹಿಡಿದು 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹತ್ತು ದಿನಗಳಲ್ಲಿ ಮತ್ತೆ ಕಟ್ಟಿದರು.

ಈಗ ನಮ್ಮ ಬಳಗದ ಕಂಪ್ಯೂಟರಿಗೆ ಬನ್ನಿ. ಎಂಟು ಜನಕ್ಕೆ ಒಂದೇ ಪಾಸ್‌ವರ್ಡು, ಅದೂ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಹಳೆಯ ಸಂಚಿಕೆಗಳೆಲ್ಲ ಅದರ ಹೊಟ್ಟೆಯಲ್ಲೇ. ಪ್ರತಿ ಮಾಡಿದ ಡಿಸ್ಕು ಸದಾ ಅದಕ್ಕೇ ಸಿಕ್ಕಿಸಿದೆ. ಅಂದರೆ ಪ್ರತಿಯೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ, ಅಪ್‌ಡೇಟನ್ನೂ ಬಿಡಬೇಡಿ, ತಿಂಗಳಿಗೊಮ್ಮೆ ಪ್ರತಿ ತೆಗೆದು ಡಿಸ್ಕು ಕಳಚಿ ಬೇರೆ ಮನೆಯಲ್ಲಿಡೋಣ ಅಂದೆ. ಕಾರ್ಯದರ್ಶಿ ಮಹಾಶಯರು, "ನಮ್ಮ ಪದ್ಯ ಕದಿಯೋಕೆ ಯಾರ್ರೀ ಬರ್ತಾರೆ?" ಅಂದು ನಕ್ಕರು. ನಾಟ್‌ಪೆಟ್ಯಾದ ಗುರಿ ಉಕ್ರೇನು ಸ್ವಾಮಿ, ನ್ಹಾವಾ ಶೇವಾ ಅಲ್ಲ.

ಹೊಸ ಡಿಸ್ಕು ನಾನೇ ಕೊಂಡಿದ್ದೇನೆ. ಶನಿವಾರ ಕ್ಲಾಸು ಮುಗಿದ ಮೇಲೆ ಯಾರು ಬರುತ್ತೀರಿ?