ಗುಡ್ಡದ ದಾರಿಗೆ ಯಾವ ಗೇರು?

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಮೋಟಾರು ಗಾಡಿಯ ಗೇರಿನ ವಿಚಾರವಾಗಿ ಬರೆಯಹೊರಟರೆ ಅಧ್ಯಾಪಕವರ್ಗದವರು ಹುಬ್ಬೇರಿಸುವುದು ಸಹಜ. ಆದರೆ ನಮ್ಮ ಕಾಲೇಜಿನ ಮಧ್ಯಾಹ್ನದ ಬಿಡುವಿನಲ್ಲಿ ಪಂಪ ರನ್ನರಿಗಿಂತ ಥಾರ್, ಜಿಮ್ನಿಗಳ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆಂಬುದು ಅವರಿಗೂ ತಿಳಿಯದ ಸಂಗತಿಯಲ್ಲ. ನಮ್ಮಲ್ಲಿ ಅಂಥ ಗಾಡಿಯುಳ್ಳವರು ಯಾರೂ ಇದ್ದಂತಿಲ್ಲ. ಬಸ್ಸಿನ ಪಾಸೇ ನಮ್ಮೆಲ್ಲರ ವಾಹನ. ಆದರೂ ಗುಡ್ಡ ಹತ್ತುವ ಗಾಡಿಗೆ ಕೈಯಿಂದ ಬದಲಾಯಿಸುವ ಗೇರು ಮೇಲೋ, ತಾನಾಗಿ ಬದಲಾಗುವ ಗೇರು ಮೇಲೋ ಎಂಬ ವಾದ ದಿನವೂ ನಡೆಯುತ್ತದೆ. ದಿನವೂ ಒಂದೇ ತೀರ್ಪಿನಲ್ಲಿ ಮುಗಿಯುತ್ತದೆ: ಕೈಗೇರು ಗಂಡಸರಿಗೆ, ಸ್ವಯಂಚಾಲಿತ ಗೇರು ಓಡಿಸಲು ಬಾರದವರಿಗೆ. ಈ ತೀರ್ಪನ್ನು ನಾನು ಒಪ್ಪಲಾರೆ. ಈ ಆಯ್ಕೆಯಲ್ಲಿ ವಿಚಾರಿಸತಕ್ಕದ್ದು ಓಡಿಸುವವನ ಮೊಣಕಾಲನ್ನು, ಅವನ ಕಿಸೆಯನ್ನು, ಮತ್ತು ಗಾಡಿ ಕೆಟ್ಟು ನಿಂತಾಗ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಎಷ್ಟು ದೂರದಲ್ಲಿದೆಯೆಂಬುದನ್ನು.

ನಮ್ಮ ಜಿಲ್ಲೆಯಲ್ಲಿ ಗೇರು ಎಂದೊಡನೆ ಅಜ್ಜಿಯಂದಿರಿಗೆ ನೆನಪಾಗುವುದು ಗೇರುಹಣ್ಣು, ಗೇರುಬೀಜ. ಅವರು ಕ್ಷಮಿಸಬೇಕು. ಇಲ್ಲಿ ಗೇರೆಂದರೆ ಎಂಜಿನಿನ ಬಲವನ್ನು ಗಾಲಿಗಳಿಗೆ ಮುಟ್ಟಿಸುವ ಹಲ್ಲುಚಕ್ರಗಳ ಕೂಟ. ಕೈಗೇರಿನ ಗಾಡಿಯಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚೆಂಬ ಒಣ ತಟ್ಟೆಯಿದೆ. ಎಡಗಾಲಿನಿಂದ ಒತ್ತಿದರೆ ಸಂಬಂಧ ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ, ಅರೆಬರೆ ಒತ್ತಿ ಹಿಡಿದರೆ ತಟ್ಟೆ ಉಜ್ಜಿ ಸುಡುತ್ತದೆ. ಗುಡ್ಡ ಹತ್ತುವ ಸ್ವಯಂಚಾಲಿತ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ತಟ್ಟೆಯ ಸ್ಥಾನದಲ್ಲಿ ಎಣ್ಣೆ ತುಂಬಿದ ಒಂದು ಪಾತ್ರೆಯಿರುತ್ತದೆ. ಅದರ ಹೆಸರು ಟಾರ್ಕ್ ಕನ್ವರ್ಟರ್. ಎಂಜಿನು ತಿರುಗಿಸುವ ರೆಕ್ಕೆಚಕ್ರವೊಂದು ಎಣ್ಣೆಯನ್ನು ಚಿಮ್ಮಿಸುತ್ತದೆ, ಎದುರಿನ ರೆಕ್ಕೆಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ನಡುವಣ ಮೂರನೆಯ ಚಕ್ರ ಎಣ್ಣೆಯ ದಿಕ್ಕನ್ನು ತಿದ್ದಿ, ಗಾಡಿ ಹೊರಡುವ ಹೊತ್ತಿಗೆ ತಿರುಚುಬಲವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುತ್ತದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಹೂಡಿದ ಉಪಾಯವಿದು. ಕಡಲಿಗೆಂದು ಹುಟ್ಟಿದ್ದು ಗುಡ್ಡಕ್ಕೆ ಬಂದಿತೆನ್ನಬಹುದು.

ಸ್ವಯಂಚಾಲಿತವು ನಾಜೂಕಿನ ವಸ್ತು, ಪೇಟೆಯ ಶೋಕಿ ಎಂಬ ಆಕ್ಷೇಪಣೆಗೆ ಚರಿತ್ರೆಯ ಆಧಾರ ಸಾಲದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಎಂ 5 ಸ್ಟುವರ್ಟ್ ಟ್ಯಾಂಕುಗಳು ಎರಡೆರಡು ಕ್ಯಾಡಿಲಾಕ್ ಎಂಜಿನುಗಳೊಡನೆ ಹೈಡ್ರಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಗಳನ್ನು ಹೊತ್ತು ರಣರಂಗಕ್ಕಿಳಿದಿದ್ದವು. ಅದೇ ಯುದ್ಧದ ವಿಲ್ಲೀಸ್ ಜೀಪು ಮಾತ್ರ ಮೂರು ಕೈಗೇರುಗಳನ್ನೂ, ಅವನ್ನು ಬೇಕಾದಾಗ ಸುಮಾರು ಅರ್ಧ ವೇಗಕ್ಕಿಳಿಸುವ ಇನ್ನೊಂದು ಪೆಟ್ಟಿಗೆಯನ್ನೂ ಇಟ್ಟುಕೊಂಡಿತ್ತು. ಮಹೀಂದ್ರರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಆ ಜೀಪಿನ ವಂಶವನ್ನೇ; ನಮ್ಮ ಮಲೆನಾಡಿಗೂ ಘಟ್ಟದ ಬುಡಕ್ಕೂ ಬಂದದ್ದು ಅದೇ ಸಂತಾನ. ಹಾಗಾಗಿ ಜೀಪೆಂದರೆ ಕೈಗೇರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಮೆರಿಕದಲ್ಲಾದರೋ 1963ರ ಮಾದರಿಯ ಜೀಪ್ ವ್ಯಾಗನೀರಿನಲ್ಲಿಯೇ ನಾಲ್ಕು ಗಾಲಿಗಳ ಚಾಲನೆಯೊಡನೆ ಸ್ವಯಂಚಾಲಿತವೂ ದೊರೆಯುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? 2020ರ ಥಾರ್‌ನಲ್ಲಿ ಆರು ವೇಗದ, 2023ರ ಜಿಮ್ನಿಯಲ್ಲಿ ನಾಲ್ಕು ವೇಗದ ಸ್ವಯಂಚಾಲಿತ ಗೇರು ನಮ್ಮೂರಿಗೂ ಬಂದಿತು. 2024ರಲ್ಲಿ ಬಂದ ಐದು ಬಾಗಿಲಿನ ಗೂರ್ಖಾ ಮಾತ್ರ ಹಳೆಯ ಹಟವನ್ನೇ ಹಿಡಿಯಿತು.

ಇನ್ನು ನಮ್ಮ ನೆಲದ ಮೇಲೆ ಇವೆರಡನ್ನೂ ನಿಲ್ಲಿಸಿ ನೋಡೋಣ. ನನ್ನ ಮನೆ ಕಾರ್ಕಳದಿಂದ ಬಜಗೋಳಿ ದಾಟಿ ಮಾಳದ ಕಡೆಗೆ, ಘಟ್ಟದ ಬುಡದಲ್ಲಿದೆ. ಡಾಮರು ಮುಗಿದ ಮೇಲೆ ನಾಲ್ಕು ಕಿಲೋಮೀಟರು ಮುರಕಲ್ಲಿನ ಏರುದಾರಿ. ಮಳೆಗಾಲದಲ್ಲಿ ಅದು ದಾರಿಯೋ ತೋಡೋ ಎಂದು ಹೇಳುವುದು ಕಷ್ಟ. ನಾನು ಓಡಿಸಲು ಕಲಿತದ್ದು ಅಲ್ಲಿಯೇ, ಸೋದರಮಾವನ ಹಳೆಯ ಜೀಪಿನಲ್ಲಿ. ಏರಿನ ನಡುವೆ ಕಲ್ಲಿಗೆ ಗಾಲಿ ತಾಗಿ ನಿಂತಿತೆನ್ನಿ. ಮತ್ತೆ ಹೊರಡಬೇಕಾದರೆ ಬಲಗಾಲು ಬ್ರೇಕಿನಿಂದ ಎಕ್ಸಲರೇಟರಿಗೆ ಜಿಗಿಯಬೇಕು, ಎಡಗಾಲು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಬೇಕು, ಕೈ ಹ್ಯಾಂಡ್‌ಬ್ರೇಕಿನ ಮೇಲಿರಬೇಕು. ಇಷ್ಟರಲ್ಲಿ ಗಾಡಿ ಒಂದು ಗೇಣು ಹಿಂದೆ ಸರಿದರೆ ಹಿಂದೆ ಕುಳಿತವರು ದೇವರ ಹೆಸರು ಹೇಳತೊಡಗುತ್ತಾರೆ. ಸ್ವಯಂಚಾಲಿತದಲ್ಲಿ ಈ ಗೊಂದಲವಿಲ್ಲ. ಎಣ್ಣೆಯ ಒತ್ತಡ ಗಾಡಿಯನ್ನು ಸದಾ ಮುಂದಕ್ಕೆ ನೂಕುತ್ತಿರುತ್ತದೆ. ಬ್ರೇಕನ್ನು ಮೆಲ್ಲನೆ ಸಡಿಲಿಸಿದರೆ ಗಾಲಿ ಕಲ್ಲನ್ನು ನಿಧಾನವಾಗಿ ಹತ್ತಿ ಇಳಿಯುತ್ತದೆ. ಎಂಜಿನು ನಿಂತುಹೋಗುವ ಭಯವಿಲ್ಲ, ತಟ್ಟೆ ಸುಟ್ಟ ವಾಸನೆಯಿಲ್ಲ. ಹೊಸಬರಿಗಂತೂ ಇದೇ ಸುರಕ್ಷಿತವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮರಳಿನಲ್ಲಿಯೂ ಇದೇ ಕತೆ. ಕಾಪು ದೀಪಸ್ತಂಭದ ಬುಡದ ಮರಳಿನಲ್ಲಿ ಗಾಡಿ ಹೂತು ಕುಳಿತುದನ್ನು ನೋಡದವರು ನಮ್ಮಲ್ಲಿ ಕಡಿಮೆ. (ಅಲ್ಲಿಗೆ ಗಾಡಿ ಇಳಿಸುವುದೇ ತಪ್ಪು ಎನ್ನುವವಳು ನಾನು. ಆ ಕಿನಾರೆ ಬಲೆ ಎಳೆಯುವವರದು ಮತ್ತು ಮಕ್ಕಳದು.) ಮರಳಿನ ಧರ್ಮವೇನೆಂದರೆ ಓಟ ತಪ್ಪಿದರೆ ಹಿಡಿದುಕೊಳ್ಳುತ್ತದೆ. ಕೈಗೇರಿನವನು ಗೇರು ಬದಲಿಸಲು ಕ್ಲಚ್ಚೊತ್ತಿದ ಅರೆಕ್ಷಣದಲ್ಲಿ ಗಾಲಿಗೆ ಬಲ ತಪ್ಪುತ್ತದೆ; ಅಷ್ಟರಲ್ಲಿ ಗಾಡಿ ನಿಲ್ಲುತ್ತದೆ. ಸ್ವಯಂಚಾಲಿತದಲ್ಲಿ ಬಲ ಕಡಿಯದೆಯೇ ಗೇರು ಬದಲಾಗುತ್ತದೆ. ಆದರೆ ಮರಳಿನಲ್ಲಿ ಗೇರಿಗಿಂತಲೂ ಹೆಚ್ಚಾಗಿ ಕಾಯುವುದು ಟಯರಿನ ಗಾಳಿಯನ್ನು ಇಳಿಸುವ ಬುದ್ಧಿ. ಅದನ್ನು ಯಾವ ಪೆಟ್ಟಿಗೆಯೂ ಕೊಡಲಾರದು.

ಇಳಿಜಾರಿಗೆ ಬಂದರೆ ಮಾತು ಬೇರೆಯಾಗುತ್ತದೆ. ಹೆಬ್ರಿ ಸೋಮೇಶ್ವರಗಳ ಮೇಲಿನ ಆಗುಂಬೆ ಘಾಟಿಯನ್ನು ನೆನೆಯಿರಿ. ದಾರಿಯೇನೋ ಡಾಮರಿನದು, ಆದರೆ ಹದಿನಾಲ್ಕು ಹಿಮ್ಮುರಿ ತಿರುವುಗಳು, ಮೇಲೆ ಮಳೆ, ಮಂಜು. ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಶಾಸ್ತ್ರ. ಕೈಗೇರಿನಲ್ಲಿ ಗಾಲಿಗೂ ಎಂಜಿನಿಗೂ ನೇರ ಬಂಧವಿರುವುದರಿಂದ, ಚಿಕ್ಕ ಗೇರಿನಲ್ಲಿ ಎಂಜಿನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ. ಸ್ವಯಂಚಾಲಿತದಲ್ಲಿ ನಡುವೆ ಎಣ್ಣೆಯಿರುವುದರಿಂದ ಆ ಹಿಡಿತ ಸಡಿಲ. ಗೇರನ್ನು ಕೆಳಗಿನ ಸಂಖ್ಯೆಯಲ್ಲಿ ಕಟ್ಟಿಹಾಕುವ ಅನುಕೂಲವಿದೆ, ಹೊಸ ಗಾಡಿಗಳಲ್ಲಿ ಇಳಿಜಾರಿನಲ್ಲಿ ತಾನಾಗಿ ಬ್ರೇಕು ಹಿಡಿಯುವ ಏರ್ಪಾಡೂ ಇದೆ ಎಂಬುದು ನಿಜ. ಆದರೂ ಕೆಸರಿನ ಕಡಿದಾದ ಇಳಿಜಾರಿನಲ್ಲಿ, ಬ್ರೇಕು ಮುಟ್ಟಿದರೆ ಜಾರುವ ಜಾಗದಲ್ಲಿ, ಮೊದಲನೆಯ ಗೇರಿನ ಆ ಬಿಗಿ ಕೈಗೆ ಸಾಟಿಯಿಲ್ಲ. ಈ ಒಂದು ವಿಷಯದಲ್ಲಿ ನನ್ನ ಮಿತ್ರರ ವಾದಕ್ಕೆ ನಾನು ತಲೆಬಾಗುತ್ತೇನೆ.

ಮೂರರಲ್ಲಿ ಎರಡು ಅಂಕ ಸ್ವಯಂಚಾಲಿತಕ್ಕೆ ಬಂತಲ್ಲ, ಹಾಗಾದರೆ ಅದನ್ನೇ ಕೊಳ್ಳಿರಿ ಎಂದು ಹೇಳಿಬಿಡಬಹುದೇ? ಇಲ್ಲಿಯೇ ನನ್ನ ಸೋದರಮಾವನ ಸಂಗತಿ ಅಡ್ಡ ಬರುತ್ತದೆ. ಅವರು ಇಪ್ಪತ್ತೇಳು ವರ್ಷಗಳಿಂದ ಆ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದಾರೆ. ಬೆಳಿಗ್ಗೆ ಶಾಲೆಯ ಮಕ್ಕಳು, ಆಮೇಲೆ ಗ್ಯಾಸಿನ ಸಿಲಿಂಡರು, ಅಡಿಕೆ ಮೂಟೆ. ಆಷಾಢದ ನಡುರಾತ್ರಿಯಲ್ಲಿ ಹೆರಿಗೆ ನೋವಿನ ಹೆಂಗಸು. ಮನೆಯಿಂದ ಡಾಮರಿನವರೆಗೆ ಅವರು ಎಷ್ಟು ಬಾರಿ ಕ್ಲಚ್ಚೊತ್ತುತ್ತಾರೆಂದು ಒಮ್ಮೆ ಎಣಿಸಹೋದೆ. ಐವತ್ತರ ಮೇಲೆ ಲೆಕ್ಕ ತಪ್ಪಿತು. ಈಗ ಎಡ ಮೊಣಕಾಲು ಸವೆದಿದೆ, ಅದರ ಮೇಲಿನ ಒತ್ತಡ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಎಡಗಾಲಿಗೆ ಕೆಲಸವೇ ಇಲ್ಲದ ಗಾಡಿ ಯಾರಿಗಾದರೂ ಬೇಕಾಗಿದ್ದರೆ ಅವರಿಗೆ. ಕೊಲ್ಲೂರಿನಿಂದ 1343 ಮೀಟರು ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನೊಯ್ಯುವ ಜೀಪುಗಳ ಚಾಲಕರಿಗೂ ಹಾಗೆಯೇ. ಆ ಕಲ್ಲುದಾರಿಯಲ್ಲಿ ನಾನು ಕಂಡ ಜೀಪುಗಳೆಲ್ಲ ಕೈಗೇರಿನವೇ. ಓಡಿಸುವವರು ಪೌರುಷಕ್ಕಾಗಿ ಓಡಿಸುತ್ತಿರಲಿಲ್ಲ.

ಆದರೂ ಮಾವನಿಗೆ ಇಂದು ಸ್ವಯಂಚಾಲಿತವನ್ನು ಕೊಳ್ಳಿರೆಂದು ಹೇಳಲು ನನಗೆ ಧೈರ್ಯ ಸಾಲದು. ಬೆಲೆ ಕೈಗೇರಿನದಕ್ಕಿಂತ ಲಕ್ಷ ರೂಪಾಯಿಯಷ್ಟು, ಕೆಲವು ಗಾಡಿಗಳಲ್ಲಿ ಅದಕ್ಕಿಂತಲೂ ಹೆಚ್ಚು. ಅದನ್ನೂ ಸಾಲ ಮಾಡಿ ಹೊಂದಿಸಬಹುದೆನ್ನಿ. ಬ್ಯಾಟರಿ ಸತ್ತ ರಾತ್ರಿ ಏನು ಗತಿ? ಕೈಗೇರಿನ ಜೀಪನ್ನು ಇಳಿಜಾರಿನಲ್ಲಿ ಬಿಟ್ಟು ಎರಡನೆಯ ಗೇರಿಗೆ ಹಾಕಿದರೆ ಎಂಜಿನು ಎದ್ದು ಕೂಡುತ್ತದೆ. ಟಾರ್ಕ್ ಕನ್ವರ್ಟರಿನ ಗಾಡಿಯನ್ನು ಊರೇ ಸೇರಿ ನೂಕಿದರೂ ಅದು ಏಳುವುದಿಲ್ಲ. ಕ್ಲಚ್ಚಿನ ತಟ್ಟೆ ಸವೆದರೆ ನಮ್ಮ ಕಡೆಯ ಸಣ್ಣ ಗ್ಯಾರೇಜಿನವನು ಬೆಳಿಗ್ಗೆ ಬಿಚ್ಚಿ ಸಂಜೆಗೆ ಕೂಡಿಸುತ್ತಾನೆ. ಸ್ವಯಂಚಾಲಿತದ ಪೆಟ್ಟಿಗೆ ಕೆಟ್ಟರೆ ಗಾಡಿಯನ್ನು ಲಾರಿಯ ಮೇಲೆ ಹೇರಿ ಪಟ್ಟಣಕ್ಕೆ ಸಾಗಿಸಬೇಕು, ಬಿಡಿಭಾಗಕ್ಕಾಗಿ ಕಾಯಬೇಕು. ಅಷ್ಟು ದಿನ ಮಕ್ಕಳು ಶಾಲೆಗೆ ನಡೆಯಬೇಕು, ಮಾವನ ಮನೆಯ ಒಲೆ ಸಾಲದಲ್ಲಿ ಉರಿಯಬೇಕು.

ಇತ್ತ ಮಣಿಪಾಲದ ಕಡೆ ನೋಡಿದರೆ ಆಶ್ಚರ್ಯವಾಗುತ್ತದೆ. ಆದಿತ್ಯವಾರ ಬಾಡಿಗೆಗೋ ಸ್ವಂತಕ್ಕೋ ಥಾರ್ ಹಿಡಿದು ಗುಡ್ಡ ಹುಡುಕಿ ಬರುವ ತರುಣರಲ್ಲಿ ನಾನು ಮಾತನಾಡಿಸಿದ ಹೆಚ್ಚಿನವರು ಕೈಗೇರನ್ನೇ ಕೊಂಡಾಡುತ್ತಾರೆ. ಅವರ ಗಾಡಿ ಒಂದು ವಾರ ನಿಂತರೆ ಯಾರ ಊಟವೂ ತಪ್ಪದು, ಅನುಭವವೂ ಅಷ್ಟಕ್ಕಷ್ಟೆ, ಏರಿನಲ್ಲಿ ತಟ್ಟೆ ಸುಟ್ಟು ಹೊಗೆಯೆಬ್ಬಿಸಿ ಕೊನೆಗೆ ಹಗ್ಗಕ್ಕಾಗಿ ನಮ್ಮ ಮಾವನನ್ನೇ ಕೂಗುತ್ತಾರೆ. ಸ್ವಯಂಚಾಲಿತ ಗೇರು ಹೇಳಿ ಮಾಡಿಸಿದಂತಿರುವುದು ಅವರಿಗೆ. ಅವರಿಗೆ ಅಡ್ಡಿಯಾಗಿರುವುದು ನಾಲ್ಕು ಜನರ ನಗು. ಅವರ ತಂದೆಯ ಕಾಲದಲ್ಲಿ, 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗಲೂ ಬಜಾಜ್ ಸ್ಕೂಟರಿನ ಗೇರು ತಿರುಗಿಸುತ್ತಿದ್ದವರು ಹೀಗೆಯೇ ನಕ್ಕಿರಬೇಕು. ಇಂದು ಇಂದ್ರಾಳಿಯಿಂದ ಮಣಿಪಾಲದ ಏರನ್ನು ಗೇರು ಬದಲಿಸದ ಸ್ಕೂಟರಿನಲ್ಲಿ ಹತ್ತುವ ಅಧ್ಯಾಪಕರನ್ನು ಕಂಡು ಯಾರೂ ನಗುವುದಿಲ್ಲ.

ಆದುದರಿಂದ ನನ್ನ ಅಭಿಮತವಿಷ್ಟು: ವಿನೋದಕ್ಕಾಗಿ ಗುಡ್ಡ ಹತ್ತುವವರು ನಾಚಿಕೆ ಬಿಟ್ಟು ಸ್ವಯಂಚಾಲಿತವನ್ನು ಕೊಳ್ಳಲಿ. ಹೊಟ್ಟೆಗಾಗಿ ಹತ್ತುವವರು, ಮನಸ್ಸಿಲ್ಲದಿದ್ದರೂ, ಸದ್ಯಕ್ಕೆ ಕೈಗೇರಿನಲ್ಲೇ ಇರಲಿ. ಈ ಸದ್ಯ ಎಷ್ಟು ಕಾಲವೆಂಬುದು ಗಾಡಿ ಮಾಡುವವರ ಕೈಯಲ್ಲಿ ಮಾತ್ರ ಇಲ್ಲ. ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಕಾರ್ಕಳದ ಪಕ್ಕದ ನಿಟ್ಟೆಯಲ್ಲಿ 1986ರಿಂದ ಇದೆ. ಬೇಸಿಗೆಯ ರಜೆಯಲ್ಲಿ ಬಜಗೋಳಿ, ಹೆಬ್ರಿ, ಕೊಲ್ಲೂರುಗಳ ಗ್ಯಾರೇಜಿನ ಹುಡುಗರನ್ನು ಹದಿನೈದು ದಿನ ಕರೆಸಿ, ಸ್ವಯಂಚಾಲಿತ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿ ತೋರಿಸಿದರೆ, ಕಲಿಯಲು ಬಾರದ ವಿದ್ಯೆಯೇನೂ ಅದಲ್ಲ. ಒಣ ತಟ್ಟೆಯ ಬದಲು ಎಣ್ಣೆಯ ಶುದ್ಧಿ, ಎಣ್ಣೆಯ ಶಾಖಗಳ ಮೇಲೆ ಕಣ್ಣಿಡಬೇಕು, ಅಷ್ಟೇ ವ್ಯತ್ಯಾಸ. ಈ ಮಾತನ್ನು ಮಾವನಿಗೆ ಹೇಳಿದಾಗ, ಹಾಗೆ ಕಲಿತವನೊಬ್ಬ ಬಜಗೋಳಿಯಲ್ಲಿ ಅಂಗಡಿಯಿಟ್ಟ ಮರುದಿನವೇ ತಾನು ಸಾಲಕ್ಕೆ ಅರ್ಜಿ ಹಾಕುವುದಾಗಿ ಹೇಳಿದರು. ಈ ಮಳೆಗಾಲಕ್ಕೆಂದು ಹಳೆಯ ಜೀಪಿಗೆ ಹೊಸ ಕ್ಲಚ್ ತಟ್ಟೆ ಹಾಕಿಸಿದ್ದಾರೆ.